ಮಸಣದ ಮೆಸ್ಸಿನ ಕೊನೆಯ ಪಂಕ್ತಿ

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ, ತಿಥಿ ಮುಗಿದ ಮೇಲೆ ಬರುವ ಮೊದಲನೇ ಶುಕ್ರವಾರ ಮನೆಮಂದಿಯೆಲ್ಲ ತಲೆ ಬಾಚಿ, ಒಗೆದ ಬಟ್ಟೆ ಹಾಕಿಕೊಂಡು ಟಾಕೀಸಿಗೆ ಹೋಗಿ ಮ್ಯಾಟಿನಿ ನೋಡುತ್ತಾರೆ. ಯಾವ ಪಿಕ್ಚರ್ ಎಂದು ಯಾರೂ ಕೇಳುವುದಿಲ್ಲ. ಶುಕ್ರವಾರದ ಮ್ಯಾಟಿನಿಗೆ ನಮ್ಮಲ್ಲಿ ಇರುವುದು ಒಂದೇ ಪಿಕ್ಚರ್, ‘ಮಸಣದ ಮೆಸ್’. ಅದರಲ್ಲಿ ನಾನೂ ಇದ್ದೇನೆ. ಸತ್ತವರ ಪೈಕಿ ಅಲ್ಲ ಸ್ವಾಮಿ, ಇನ್ನೂ ಗಟ್ಟಿಮುಟ್ಟಾಗಿದ್ದೇನೆ; ಪಾತ್ರಧಾರಿಗಳ ಪೈಕಿ. ಶುರುವಿನಲ್ಲಿ ಹೆಸರುಗಳು ಬರುತ್ತವಲ್ಲ, ಅಲ್ಲಿ ‘ಬಡಿಸುವ ದೆವ್ವ: ಸೋಡಾ ಮರಿಯಪ್ಪ’ ಎಂದು ಹಾಕಿದ್ದಾರೆ, ಅಸ್ಥಿಪಂಜರದ ಹೆಸರಿನ ಕೆಳಗೆ. ಆ ಅಸ್ಥಿಪಂಜರ ಹೈಸ್ಕೂಲಿನಿಂದ ಕಡ ತಂದದ್ದು, ಅದಕ್ಕೆ ಒಂದು ಕಾಲೂ ಇರಲಿಲ್ಲ. ಅದರ ಹೆಸರನ್ನು ನನ್ನ ಹೆಸರಿನ ಮೇಲೆ ಹಾಕಿದ್ದಕ್ಕೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಪಿಕ್ಚರ್ ತೆಗೆದವರು ಉಮಾಪತಿ ಎಂಬುವವರು. ನಾನಾಗ ಮದುವೆಯಾದ ಹೊಸತು, ಸೋಡಾ ಅಂಗಡಿ ಇಟ್ಟಿದ್ದೆ. ಎಲ್ಲಿಂದಲೋ ಒಂದು ಕ್ಯಾಮೆರಾ, ಎರಡು ದೀಪ, ಸ್ಟಾರ್ಟ್ ಆಗದ ಒಂದು ವ್ಯಾನು ಇಟ್ಟುಕೊಂಡು ಸಂತೆ ಮೈದಾನದಲ್ಲಿ ಇಳಿದರು. ಕಥೆ ಏನಪ್ಪಾ ಅಂದರೆ, ಎಲ್ಲೂ ಕೆಲಸ ಸಿಗದ ಒಬ್ಬ ಅಡುಗೆಭಟ್ಟ, ಬಾಡಿಗೆ ಕಡಿಮೆ ಎಂದು ಸ್ಮಶಾನದ ಪಕ್ಕದಲ್ಲಿ ಮೆಸ್ ತೆರೆಯುತ್ತಾನೆ. ದೆವ್ವಗಳು ಅವನನ್ನು ಹೆದರಿಸಿ ಓಡಿಸಲು ಬರುತ್ತವೆ, ಸಾರಿನ ವಾಸನೆ ಹಿಡಿದು ಊಟಕ್ಕೆ ಕೂತುಬಿಡುತ್ತವೆ. ಅಷ್ಟೇ ಕಥೆ. ಆಕಾಶದಲ್ಲಿ ಚಂದ್ರ ಎಂದು ತೋರಿಸಿದ್ದು ನಮ್ಮ ಮನೆಯ ಸ್ಟೀಲ್ ತಟ್ಟೆ. ರಕ್ತ ಬೀಟ್‌ರೂಟ್ ರಸ. ಅದಕ್ಕೆ ನೊಣ ಮುತ್ತಿ ಹೀರೋ ಕೆನ್ನೆ ಕೆನ್ನೆ ಹೊಡೆದುಕೊಳ್ಳುವುದು ಈಗಲೂ ಕಾಣುತ್ತದೆ. ಬಾವಲಿಗಳು ಹರಿದ ಕೊಡೆಯ ಬಟ್ಟೆ. ಹಾರುವ ದೆವ್ವಕ್ಕಿಂತ ಅದನ್ನು ಕಟ್ಟಿದ ಹಗ್ಗವೇ ಚೆನ್ನಾಗಿ ಕಾಣುತ್ತದೆ. ದೆವ್ವದ ಪಾದ ಹಿಂದುಮುಂದಾಗಿರಬೇಕು ಎಂದು ನಮ್ಮ ಕಾಲಿಗೆ ಚಪ್ಪಲಿಯನ್ನು ತಿರುಗಿಸಿ ಕಟ್ಟಿದ್ದರು. ಆ ಚಪ್ಪಲಿಯಲ್ಲಿ ಸಾರಿನ ಬಕೆಟ್ ಹಿಡಿದುಕೊಂಡು ನಾನು ಮುಗ್ಗರಿಸಿ ಬಿದ್ದೆನಲ್ಲ, ಅದು ನಟನೆಯಲ್ಲ. ಉಮಾಪತಿಯವರು ಬಿದ್ದದ್ದನ್ನೇ ಇಟ್ಟುಕೊಂಡರು. ನನ್ನ ಪಾತ್ರಕ್ಕೆ ಮಾತಿಲ್ಲ. ಬಡಿಸುವುದು, ಬೀಳುವುದು, ಏಳುವುದು, ಮತ್ತೆ ಬಡಿಸುವುದು.

ಬೇರೆ ಊರುಗಳಲ್ಲಿ ಪಿಕ್ಚರ್ ಮಕಾಡೆ ಮಲಗಿತು. ಹೆದರಿಸುತ್ತದೆ ಎಂದುಕೊಂಡು ಬಂದವರು ನಕ್ಕು ನಕ್ಕು ಸಿಟ್ಟಾದರು, ನಗಿಸುತ್ತದೆ ಎಂದುಕೊಂಡು ಬಂದವರು ಬಾವಿಯಿಂದ ಹೆಂಗಸು ಎದ್ದು ಬರುವಾಗ ಕಿಟಾರನೆ ಕಿರುಚಿ ಸಿಟ್ಟಾದರು. ನಮ್ಮೂರಿನಲ್ಲಿ ಮಾತ್ರ ಅದು ಟಾಕೀಸಿನಿಂದ ಇಳಿಯಲೇ ಇಲ್ಲ. ಮಾತುಗಳೆಲ್ಲ ಜನಕ್ಕೆ ಬಾಯಿಪಾಠ. ಹಗ್ಗ ಕಂಡ ಕೂಡಲೇ ಗಂಡಸರ ಕಡೆಯಿಂದ ‘ಗಟ್ಟಿಯಾಗಿ ಹಿಡ್ಕೊಳ್ರೋ!’ ಎಂದು ಕೂಗು. ನಾನು ಬಿದ್ದಾಗ ಹೆಂಗಸರ ಕಡೆಯಿಂದ ‘ಅಯ್ಯೋ, ಏಳೋ ಮರಿಯಾ!’ ಎಂದು ಲೊಚಗುಟ್ಟುವ ಸದ್ದು. ಈಚೆಗೆ ದೂರದ ಊರುಗಳಿಂದ ಕಾಲೇಜು ಹುಡುಗ ಹುಡುಗಿಯರೂ ಚಪ್ಪಲಿ ತಿರುಗಿಸಿ ಹಾಕಿಕೊಂಡು, ಕೆನ್ನೆಗೆ ಬೀಟ್‌ರೂಟ್ ಬಳಿದುಕೊಂಡು ಬರುತ್ತಾರೆ. ಬಂದು ನನ್ನ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ನಿಲ್ಲುತ್ತೇನೆ, ಬೇಡವೆನ್ನಲು ನನಗೇನು ಬಿಂಕವೇ.

ಆದರೆ ಆ ಮಕ್ಕಳು ಪಂಕ್ತಿಯ ದೃಶ್ಯ ಬಂದಾಗ ಎದ್ದು ಬೋಂಡಾ ತಿನ್ನಲು ಹೋಗಿಬಿಡುತ್ತಾರೆ. ಅವರಿಗೆ ಅದು ಬಿಳಿ ಬಟ್ಟೆ ಸುತ್ತಿಕೊಂಡವರು ಊಟ ಮಾಡುವ ಉದ್ದನೆಯ ದೃಶ್ಯ, ಅಷ್ಟೇ. ನಾವು ಬರುವುದೇ ಅದಕ್ಕೆ. ಆ ಪಂಕ್ತಿಯಲ್ಲಿ ಮೊದಲು ಕಾಣಿಸಿಕೊಂಡವರು ಹುಲ್ಲಿನ ಮಂಡಿಯ ತಿರುಮಲಯ್ಯ. ಅವರು ತೀರಿಕೊಂಡು ಆಗ ಹದಿನೈದು ದಿನವಾಗಿದ್ದಿರಬಹುದು. ದೆವ್ವಗಳ ಸಾಲಿನ ಕೊನೆಯಲ್ಲಿ ತಮ್ಮದೇ ಕಂದು ಕೋಟು ಹಾಕಿಕೊಂಡು, ಚಕ್ಕಂಬಕ್ಕಳ ಹಾಕಿ ಕೂತು, ಸಾರಿನಲ್ಲಿದ್ದ ಮೆಣಸಿನಕಾಯಿಯನ್ನು ಎಲೆಯ ತುದಿಗೆ ಎತ್ತಿಡುತ್ತಿದ್ದರು. ಅವರ ಹೆಂಡತಿ ಹೆಂಗಸರ ಕಡೆಯಲ್ಲಿ ಎದ್ದು ನಿಂತು, ‘ಇಲ್ಲಿದ್ದೀರಾ!’ ಎಂದು ಹೇಳಿ ಕೂತರು. ಮುಂದಿನ ವಾರ ಟಾಕೀಸು ತುಂಬಿಹೋಯಿತು.

ಅವತ್ತಿನಿಂದ ಸತ್ತವರೆಲ್ಲ ಅಲ್ಲಿಗೇ ಬರುತ್ತಾರೆ. ವಾರ ವಾರ ಕೂತು ಉಣ್ಣುತ್ತಾರೆ. ಹೊಟ್ಟೆ ತುಂಬಿದ ಮೇಲೆ ಎಲೆ ಮಡಚಿ, ಹಿಂದಿನ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದಿರುವ ಬಾಗಿಲನ್ನು ತಳ್ಳಿಕೊಂಡು ಹೋಗುತ್ತಾರೆ. ಹೋದವರು ಮತ್ತೆ ಕಾಣುವುದಿಲ್ಲ. ಅವತ್ತು ಅವರ ಮನೆಯಲ್ಲಿ ಅಳುತ್ತಲೇ ಒಬ್ಬಟ್ಟು ತಟ್ಟುತ್ತಾರೆ. ಕೆಲವರು ಎರಡು ಮೂರು ವಾರಕ್ಕೇ ಎದ್ದುಬಿಡುತ್ತಾರೆ. ಕೆಲವರು ಜಪ್ಪಯ್ಯ ಎಂದರೂ ಏಳುವುದಿಲ್ಲ. ಬೀದಿಯಲ್ಲಿ ಸಿಕ್ಕವರು ಕೇಳುತ್ತಾರೆ, ‘ನಿಮ್ಮ ತಂದೆಯವರದ್ದು ಎಲ್ಲಿಗೆ ಬಂತು?’ ‘ಇನ್ನೂ ಪಲ್ಯದಲ್ಲೇ ಅವ್ರೆ ಕಣಣ್ಣ, ಹೋದ ವಾರ ಹಪ್ಪಳ ಕೇಳಿದ್ರು.’ ಜೀವ ಹೋಗುವ ಸ್ಥಿತಿಯಲ್ಲಿ ಇರುವವರಿಗೆ ಕನ್ನಡಕ ಹಾಕಿಯೇ ಮಲಗಿಸುವುದು ನಮ್ಮೂರಿನ ರೂಢಿ. ಒಬ್ಬರು ಕನ್ನಡಕವಿಲ್ಲದೆ ಹೋಗಿ, ಉಪ್ಪು ಎಂದು ಪಕ್ಕದವರ ಎಲೆಗೆ ಕೈ ಹಾಕಿದ್ದನ್ನು ಊರೆಲ್ಲ ನೋಡಿದೆ. ದೃಶ್ಯ ಬೆಳೆದು ಬೆಳೆದು ಎಷ್ಟು ಉದ್ದವಾಗಿದೆಯೆಂದರೆ, ಟಾಕೀಸಿನ ಆಪರೇಟರ್ ಫಿಲಿಪ್ಪು ಆ ರೀಲು ಹಾಕಿ ಮನೆಗೆ ಹೋಗಿ ಊಟ ಮುಗಿಸಿ ಬರುತ್ತಾನೆ.

ಅವರಿಗೆಲ್ಲ ಬಡಿಸುವವನು ನಾನು. ಇಲ್ಲಿ ಬೆಂಚಿನ ಮೇಲೆ ಕೂದಲು ನರೆತು ಕೂತಿದ್ದರೂ ಅಲ್ಲಿ ತೆರೆಯ ಮೇಲೆ ಮೀಸೆ ತಿರುವಿಕೊಂಡು, ಮುಖಕ್ಕೆ ಸುಣ್ಣ ಬಳಿದುಕೊಂಡು, ಕೇಳಿದವರಿಗೆ ಕೇಳಿದಷ್ಟು ಹಾಕುತ್ತಾ ಓಡಾಡುತ್ತೇನೆ. ನಮ್ಮಪ್ಪನಿಗೆ ಬಡಿಸಿದೆ. ನನಗೆ ಜನ್ಮದಲ್ಲಿ ಆಗದಿದ್ದ ಷಡ್ಡಕನಿಗೂ ಬಡಿಸಿದೆ, ತುಪ್ಪ ಮಾತ್ರ ಸ್ವಲ್ಪ ಕಡಿಮೆ ಹಾಕಿದ ಹಾಗೆ ಕಂಡಿತು. ಊರಿನಲ್ಲಿ ಇದಕ್ಕಾಗಿ ನನಗೆ ಒಂದು ಗೌರವ ಇದೆ. ಕಾಯಿಲೆ ಬಿದ್ದವರನ್ನು ನೋಡಲು ಹೋದರೆ ಕೈ ಹಿಡಿದುಕೊಂಡು, ‘ನಮ್ ಕಡೆ ಸ್ವಲ್ಪ ನೋಡ್ಕೋ ಮರಿಯಣ್ಣ’ ಎನ್ನುತ್ತಾರೆ.

ನನ್ನ ಹೆಂಡತಿ ದೇವೀರಮ್ಮ ಮಾತ್ರ ಈ ಪಿಕ್ಚರನ್ನು ಒಂದು ಸಲವೂ ನೋಡಲಿಲ್ಲ. ಪ್ರತಿ ಶುಕ್ರವಾರ ಹೊರಡುವಾಗ ಕರೆಯುತ್ತಿದ್ದೆ. ‘ಮನೇಲಿರೋ ದೆವ್ವನ್ನ ಎರಡೊತ್ತೂ ನೋಡ್ತಾ ಇದ್ದೀನಿ, ಅಲ್ಲಿಗೂ ಬಂದು ನೋಡ್ಬೇಕಾ? ನೀವು ಹೋಗಿ ಬನ್ನಿ, ನಂಗೆ ಕೆಲ್ಸ ಇದೆ’ ಎನ್ನುತ್ತಿದ್ದಳು. ಅವಳಿಗೆ ಯಾವಾಗಲೂ ಕೆಲಸ ಇತ್ತು. ಬೆಳಿಗ್ಗೆ ಎದ್ದರೆ ಸೋಡಾ ಬಾಟ್ಲಿ ತೊಳೆಯಬೇಕು, ಅದಾದರೆ ಅಡುಗೆ, ಅದಾದರೆ ಪಕ್ಕದ ಮನೆಯ ಬಾಣಂತಿಗೆ ಮೆಣಸಿನ ಸಾರು. ನಮ್ಮ ಮಗಳು ಮಂಗಳಾ ಮದುವೆಯಾಗಿ ಅದೇ ಊರಿನ ಕೆಳಗಿನ ಬೀದಿಗೆ ಹೋದ ಮೇಲೆ ಅವಳ ಮನೆಯ ಕೆಲಸವೂ ಸೇರಿಕೊಂಡಿತು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ನನಗೆ ಅವಳೆಂದರೆ ಪ್ರಾಣ. ಇದನ್ನು ಅವಳ ಎದುರಿಗೆ ಹೇಳಿದ್ದರೆ ‘ಜ್ವರ ಗಿರ ಬಂದಿದೆಯಾ’ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು.

ಹೋದ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ನನಗೆ ಕಾಫಿ ಕೊಟ್ಟು, ‘ಯಾಕೋ ಎದೆ ಹಿಡ್ಕೊಂಡಂಗಾಯ್ತದೆ ಕಣ್ರೀ’ ಎಂದು ಗೋಡೆಗೆ ಒರಗಿ ಕೂತಳು. ಅವಳು ಸುಮ್ಮನೆ ಕೂತದ್ದನ್ನು ನೋಡಿಯೇ ನಾನು ಆಟೋ ಕರೆಯಲು ಬೀದಿಗೆ ಓಡಿದೆ. ಆಟೋ ಬರುವ ಹೊತ್ತಿಗೆ ಮುಗಿದಿತ್ತು.

ತಿಥಿ ಮುಗಿಸಿ ಮೊದಲ ಶುಕ್ರವಾರ ನಾನೂ ಮಂಗಳಾನೂ ಹೋದೆವು. ಜನ ಎದ್ದು ಮುಂದಿನ ಬೆಂಚು ಬಿಟ್ಟುಕೊಟ್ಟರು. ನಾನು ಅವಳಿಗಿಷ್ಟವಾದ ನೀಲಿ ಶರ್ಟು ಹಾಕಿಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ, ದುಃಖದ ಒಳಗೇ ಒಂದು ಸಂಭ್ರಮವಿತ್ತು. ಇಷ್ಟು ವರ್ಷ ಕರೆದರೂ ಬರದವಳು ಇವತ್ತು ಬಂದೇ ಬರುತ್ತಾಳೆ, ನನ್ನನ್ನು ಆ ವೇಷದಲ್ಲಿ ನೋಡುತ್ತಾಳೆ, ನಾನು ಅವಳ ಎಲೆಗೆ ಸಾರು ಹಾಕುತ್ತೇನೆ, ಅವಳು ಏನಾದರೂ ಚುಚ್ಚು ಮಾತು ಆಡುತ್ತಾಳೆ ಎಂದೆಲ್ಲ ಅಂದುಕೊಂಡಿದ್ದೆ. ಪಂಕ್ತಿ ಬಂತು. ಒಂದೊಂದೇ ಮುಖ ನೋಡಿದೆ. ಬ್ಯಾಂಕಿನ ಅಶ್ವತ್ಥಯ್ಯ ಎಂದಿನಂತೆ ಮಜ್ಜಿಗೆ ಕೇಳುತ್ತಿದ್ದರು. ಹೊಸದಾಗಿ ಹೋದ ಟೈಲರ್ ಶಿವರುದ್ರ ಅನ್ನ ಕಲಸುತ್ತಿದ್ದ. ದೇವೀರಮ್ಮ ಇರಲಿಲ್ಲ.

ಮುಂದಿನ ವಾರವೂ ಇರಲಿಲ್ಲ. ಅದರ ಮುಂದಿನ ವಾರವೂ. ಹೀಗೆ ಯಾರಿಗೂ ಆದದ್ದಿಲ್ಲ. ಮೊದಮೊದಲು ಜನ ‘ದಾರಿಯಲ್ಲಿ ಯಾರದೋ ಮನೆ ಕೆಲ್ಸಕ್ಕೆ ನಿಂತಿರ್ತಾರೆ, ಬರ್ತಾರೆ ಬಿಡಣ್ಣ’ ಎಂದು ತಮಾಷೆ ಮಾಡಿ ನಗಿಸಿದರು. ಆಮೇಲೆ ಯಾರೂ ತಮಾಷೆ ಮಾಡಲಿಲ್ಲ. ಪಕ್ಕದ ಮನೆಯ ಲಲಿತಮ್ಮ ಒಂದು ದಿನ ಜಗುಲಿಯ ಮೇಲೆ ಕೂತು, ‘ಬದುಕಿದ್ದಾಗ್ಲೇ ಕಾಲಿಡದವ್ರು ಸತ್ಮೇಲೆ ಬರ್ತಾರಾ ಮರಿಯಣ್ಣ? ಅಥವಾ ಏನಾದ್ರೂ ಮುನಿಸಿತ್ತಾ?’ ಎಂದು ಕೇಳಿದರು. ಅವರಿಗೆ ಕೆಟ್ಟ ಬುದ್ಧಿಯಿಲ್ಲ, ಬಾಯಿಗೆ ಬಂದದ್ದು ಆಡಿದರು. ಆದರೆ ಆ ಮಾತು ನನ್ನ ಹೊಟ್ಟೆಯೊಳಗೆ ಮುಳ್ಳಿನ ಹಾಗೆ ಮುರಿದುಕೊಂಡಿತು. ಅವಳ ಫೋಟೋ ಮುಂದೆ ನಿಂತು ಬೈದೆ. ‘ಏನೇ ಮುನಿಸು ನಿಂದು? ಊರಿಗೆಲ್ಲ ಬಡಿಸಿದ್ದೀನಿ, ಕಂಡೋರಿಗೆಲ್ಲ ಹಾಕಿದ್ದೀನಿ. ನಿಂಗೆ ಒಂದು ಸೌಟು ಸಾರು ಹಾಕೋ ಯೋಗ ಇಲ್ವೇನೇ ನಂಗೆ?’ ಫೋಟೋದಲ್ಲಿ ಅವಳು ಬಾಯಿ ಬಿಗಿದುಕೊಂಡು ನೋಡುತ್ತಿದ್ದಳು. ಮತದಾರರ ಚೀಟಿಗೆ ತೆಗೆಸಿದ ಫೋಟೋ ಅದು.

ಫಿಲಿಪ್ಪು ಒಳ್ಳೆಯವನು. ಒಂದು ಸೋಮವಾರ ಯಾರೂ ಇಲ್ಲದಾಗ ನನ್ನೊಬ್ಬನನ್ನೇ ಕೂರಿಸಿ ಆ ರೀಲು ಮಾತ್ರ ಓಡಿಸಿದ. ತೆರೆಯ ಪಕ್ಕಕ್ಕೇ ಹೋಗಿ ನಿಂತು ಒಂದೊಂದು ತಲೆಯನ್ನೂ ನೋಡಿದೆ. ಮೇಲಿನ ಕಿಂಡಿಯಿಂದ ಅವನು ಕೂಗಿದ, ‘ಸಿಕ್ಕಿದ್ರಾ ಅಣ್ಣಾ?’ ‘ಇಲ್ಲ ಕಣೋ’ ಎಂದೆ. ಅವನು ಮತ್ತೊಮ್ಮೆ ಓಡಿಸಿದ.

ಮಳೆಗಾಲ ಶುರುವಾದ ಮೇಲೆ ಒಂದು ಶುಕ್ರವಾರ. ಟಾಕೀಸಿನ ತಗಡಿನ ಮೇಲೆ ಹನಿ ಬೀಳುತ್ತಿತ್ತು. ಪಂಕ್ತಿಯ ದೃಶ್ಯ ಅರ್ಧ ಮುಗಿದಿತ್ತು. ನಾನು ಆಸೆ ಬಿಟ್ಟು ಕಡಲೆಕಾಯಿ ಬಿಡಿಸುತ್ತಿದ್ದೆ. ಮಂಗಳಾ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದುಕೊಂಡಳು.

‘ಅಪ್ಪಾ, ಕೂತಿರೋರ್ನ ನೋಡ್ಬೇಡ. ನಿನ್ನನ್ನ ನೋಡು.’

‘ನನ್ನ ಏನಮ್ಮ ನೋಡೋದು, ಹುಟ್ಟಿದಾಗಿಂದ ನೋಡ್ತಾ ಇದ್ದೀನಿ.’

‘ಅಯ್ಯೋ, ನಿಂಗೆ ಬಕೆಟ್ ಕೊಡ್ತಾರಲ್ಲ, ಅದನ್ನ ನೋಡು!’

ಈ ದೃಶ್ಯದಲ್ಲಿ ಸಾರು ಮುಗಿದಾಗಲೆಲ್ಲ ನಾನು ಮೂಲೆಯ ಗೋಣಿ ಪರದೆಯ ಹತ್ತಿರ ಹೋಗುತ್ತೇನೆ. ಪರದೆಯ ಹಿಂದೆ ಅಡುಗೆಮನೆ ಎಂದು ಲೆಕ್ಕ. ಖಾಲಿ ಬಕೆಟ್ ಒಳಕ್ಕೆ ಕೊಟ್ಟರೆ ಒಂದು ಕೈ ತುಂಬಿದ ಬಕೆಟ್ ಹೊರಕ್ಕೆ ಕೊಡುತ್ತದೆ. ಶೂಟಿಂಗಿನಲ್ಲಿ ಅದು ಲೈಟ್ ಹಿಡಿಯುತ್ತಿದ್ದ ಸಂಪಂಗಿಯ ಕೈ. ಅವನು ವಾಚು ಬಿಚ್ಚುವುದನ್ನು ಮರೆತಿದ್ದ. ಹಾಗಾಗಿ ಆ ಕೈ ಬಂದಾಗಲೆಲ್ಲ ಜನ ‘ದೆವ್ವಣ್ಣಾ, ಟೈಮೆಷ್ಟು?’ ಎಂದು ಕೂಗುವುದು ಪದ್ಧತಿ. ಅವತ್ತೂ ಕೂಗಿದರು. ಕೂಗುವ ಅಭ್ಯಾಸದಲ್ಲಿ ನಾವ್ಯಾರೂ ಆ ಕೈಯನ್ನು ನೋಡುವುದನ್ನೇ ಬಿಟ್ಟಿದ್ದೆವು. ನಾನು ನೋಡಿದೆ. ವಾಚು ಇರಲಿಲ್ಲ. ಗಾಜಿನ ಬಳೆಗಳಿದ್ದವು. ಆ ಕೈ ಬಕೆಟ್ಟನ್ನು ಎತ್ತಿ, ಸೆರಗಿನಿಂದ ಅದರ ತಳವನ್ನು ಒರೆಸಿ, ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ ಕೊಟ್ಟಿತು.

ಪಾತ್ರೆಯ ತಳ ಒರೆಸದೆ ಅವಳು ಯಾವುದನ್ನೂ ಯಾರ ಕೈಗೂ ಕೊಟ್ಟವಳಲ್ಲ. ನನ್ನ ಶರ್ಟಿಗೆ ಮಸಿ ಆಗಬಾರದು ಎಂದು ಒರೆಸುತ್ತಿದ್ದಳು. ನಾನು ‘ಅಯ್ಯಯ್ಯೋ’ ಎಂದೆ. ಎಂಥ ಪೆದ್ದು ಜನ ನೋಡಿ ನಾವು. ಊರಿಗೆ ಊರೇ ಅವಳನ್ನು ಊಟಕ್ಕೆ ಕೂತವರ ಸಾಲಿನಲ್ಲಿ ಹುಡುಕಿತು. ದೇವೀರಮ್ಮ ಯಾವ ಮದುವೆಯಲ್ಲಿ, ಯಾವ ನಾಮಕರಣದಲ್ಲಿ ಪಂಕ್ತಿಯಲ್ಲಿ ಕೂತಿದ್ದಳು? ಹೋದ ಮನೆಯಲ್ಲೆಲ್ಲ ಸೆರಗು ಸಿಕ್ಕಿಸಿಕೊಂಡು ನೇರ ಅಡುಗೆಮನೆಗೆ ಹೋಗುವವಳು ಇಲ್ಲಿಗೂ ಬಂದ ದಿನವೇ ಒಳಗೆ ಹೋಗಿದ್ದಾಳೆ. ಅಷ್ಟು ತಿಂಗಳಿನಿಂದ ವಾರ ವಾರವೂ ಅವಳ ಕೈಯಿಂದಲೇ ಬಕೆಟ್ ಇಸಿದುಕೊಂಡು ಊರಿಗೆಲ್ಲ ಬಡಿಸಿ, ಅವಳು ಬರಲಿಲ್ಲ ಎಂದು ಅವಳ ಫೋಟೋಗೆ ಬೈದಿದ್ದೆ.

ಸುದ್ದಿ ಊರೆಲ್ಲ ಹರಡಿತು. ಮುಂದಿನ ವಾರ ಯಾರೂ ‘ಟೈಮೆಷ್ಟು’ ಎನ್ನಲಿಲ್ಲ; ಆ ಕೈ ಬಂದ ಕೂಡಲೇ ‘ದೇವೀರಕ್ಕಾ!’ ಎಂದು ಸಿಳ್ಳೆ ಹೊಡೆದರು. ಇನ್ನೊಂದು ವಿಷಯವೂ ಆಗಲೇ ಹೊರಗೆ ಬಿತ್ತು. ಈಚೆಗೆ ಯಾರೂ ಎಲೆ ಮಡಚುತ್ತಿರಲಿಲ್ಲ. ಕಾರ್ತೀಕದಿಂದ ಈಚೆಗೆ ಕೂತವರು ಕೂತಲ್ಲೇ ಇದ್ದರು, ಸಾರಿನ ಮೇಲೆ ಸಾರು ಹಾಕಿಸಿಕೊಳ್ಳುತ್ತಿದ್ದರು, ಬೆರಳು ಚೀಪುತ್ತಿದ್ದರು. ಶಿವರುದ್ರನ ಮಗ ನನ್ನನ್ನು ತಡೆದು ನಿಲ್ಲಿಸಿ, ‘ಏನ್ ಮರಿಯಜ್ಜಾ, ಅಜ್ಜಿ ಸಾರಿನ ರುಚಿಗೆ ನಮ್ಮಪ್ಪ ಏಳೋ ಹಂಗೇ ಕಾಣಲ್ಲ’ ಎಂದು ನಕ್ಕ. ನನಗೆ ಎದೆಯುಬ್ಬಿತು.

ಆಮೇಲಿನ ಕೆಲವು ವಾರ ನನ್ನ ಬಾಳಿನಲ್ಲೇ ಒಳ್ಳೆಯ ವಾರಗಳು ಎಂದು ಹೇಳಿದರೆ ತಪ್ಪಾಗಲಾರದು. ಗೋಣಿ ಪರದೆ ಇರುವ ಬದಿಗೆ, ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ಕೈ ಬಂದಾಗಲೆಲ್ಲ ಮೆಲ್ಲಗೆ ಏನಾದರೂ ಹೇಳುತ್ತಿದ್ದೆ. ಮೊಮ್ಮಗಳಿಗೆ ಹಲ್ಲು ಬಂತು ಕಣೇ. ಲಲಿತಮ್ಮ ನಿನ್ನ ಒರಳು ಕೇಳ್ತಾಳೆ, ಕೊಡ್ಲಾ. ಎದ್ದು ಬರುವಾಗ ಮನಸ್ಸು ಹಗುರವಾಗಿರುತ್ತಿತ್ತು. ಒಂದು ಸಂಜೆ ಮಂಗಳಾ ಕ್ಯಾರಿಯರಿನಲ್ಲಿ ಊಟ ತಂದಾಗ ಅವಳಿಗೆ ಹೇಳಿದೆ. ‘ನೋಡಮ್ಮ, ನಾನು ಲೆಕ್ಕ ಹಾಕಿದ್ದೀನಿ. ಉಂಡೋರು ತಾನೇ ಎದ್ದು ಹೋಗೋದು? ನಿಮ್ಮಮ್ಮ ಉಣ್ಣೋಕೇ ಕೂತಿಲ್ಲ. ಅವಳು ಹೋಗೋದೇ ಇಲ್ಲ. ನಾನಿರೋ ತನಕ ಶುಕ್ರವಾರ ಶುಕ್ರವಾರ ಸಿಕ್ತಾಳೆ.’

ಮಂಗಳಾ ಕ್ಯಾರಿಯರಿನ ಮುಚ್ಚಳ ತೆಗೆಯುತ್ತಿದ್ದವಳು ಹಾಗೇ ನಿಂತಳು. ‘ಹಂಗಾದ್ರೆ ಅಮ್ಮ ಯಾವಾಗ ಕೂತ್ಕೋತಾಳಪ್ಪಾ?’ ಎಂದಳು.

ನನಗೆ ರೇಗಿತು. ‘ನಿಂಗೇನು, ಅವಳು ಹೋಗ್ಬಿಡ್ಬೇಕಾ?’

‘ನಂಗೆ ಹೋಗೋದು ಬೇಕು ಅಂತ ಹೇಳಿದ್ನಾ?’ ಅವಳ ಕಣ್ಣು ತುಂಬಿದವು. ‘ನಂಗೂ ಬೇಡ. ಆದ್ರೆ ಇಲ್ಲಿ ಇದ್ದಾಗ್ಲೂ ನಿಂತ್ಕೊಂಡೇ ಉಂಡ್ಳು. ಸತ್ಮೇಲೂ ಬಕೆಟ್ ಎತ್ತೋದೇ ಆಗೋಯ್ತಲ್ಲಪ್ಪಾ ಅವಳ ಹಣೇಲಿ.’ ಅನ್ನ ಹಾಕಿಟ್ಟು, ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೊರಟುಹೋದಳು. ನಾನು ಆ ಅನ್ನವನ್ನು ಮುಟ್ಟಲಿಲ್ಲ. ಮಗಳ ಮೇಲೆ ಬಹಳ ಸಿಟ್ಟು ಬಂದಿತ್ತು, ಅವಳು ಹೇಳಿದ್ದು ಸರಿ ಎಂದು ಗೊತ್ತಿದ್ದದ್ದಕ್ಕೇ ಬಂದಿತ್ತು.

ಮುಂದಿನ ಶುಕ್ರವಾರ ಬೇಕೆಂದೇ ಅವಳನ್ನು ಬಿಟ್ಟು ಒಬ್ಬನೇ ಹೋದೆ. ಕೈ ಬಂತು, ತಳ ಒರೆಸಿತು, ಬಕೆಟ್ ಕೊಟ್ಟಿತು. ತೆರೆಯ ಮೇಲಿನ ನಾನು ಬಕೆಟ್ ತೆಗೆದುಕೊಂಡು ಬೆನ್ನು ತಿರುಗಿಸಿ ಹೋದೆ. ಆ ಪಡ್ಡೆ ಹುಡುಗನಿಗೆ ಏನು ಗೊತ್ತು. ಇಲ್ಲಿ ಕೂತಿದ್ದ ನನಗೆ ಕಂಡಿತು. ಪರದೆಯ ಅಂಚಿನಲ್ಲಿ ಆ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಇನ್ನೊಂದು ಕೈ ಬಂದು ಅದರ ಮಣಿಕಟ್ಟನ್ನು ಹಿಡಿದು ಒತ್ತಿತು, ಮೆಲ್ಲಗೆ ತಿರುವಿತು. ಬಾಟ್ಲಿ ತೊಳೆದೂ ತೊಳೆದೂ ಹಾಳಾಗಿದ್ದ ಮಣಿಕಟ್ಟು ಅದು. ಚಳಿಗಾಲದಲ್ಲಿ ಅದಕ್ಕೆ ಹಳೇ ಪಂಚೆಯ ಚೂರು ಸುತ್ತಿಕೊಳ್ಳುತ್ತಿದ್ದಳು.

ಪಂಕ್ತಿಯ ಕೊನೆಯಲ್ಲಿ ಭಟ್ಟನ ಪಾತ್ರದವನು ಸೊಂಟಕ್ಕೆ ಕೈ ಕೊಟ್ಟು ನಿಂತು, ‘ಎಲ್ರೂ ಕೂತಾಯ್ತಾ? ಇನ್ಯಾರಾದ್ರೂ ಉಳಿದ್ರಾ?’ ಎಂದು ಕೇಳುತ್ತಾನೆ. ಅದಕ್ಕೆ ಟಾಕೀಸಿನವರೆಲ್ಲ ಒಂದೇ ದನಿಯಲ್ಲಿ ‘ಯಾರೂ ಇಲ್ಲಾ!’ ಎಂದು ಕಿರುಚಬೇಕು. ಕಿರುಚಿದ ಮೇಲೆ ಅವನು ‘ಹಂಗಾದ್ರೆ ಒಲೆ ಆರಿಸ್ರೋ’ ಎನ್ನುತ್ತಾನೆ, ಅಲ್ಲಿಗೆ ದೃಶ್ಯ ಮುಗಿದು ಬಾವಿಯ ಹೆಂಗಸು ಬರುತ್ತಾಳೆ. ಅವತ್ತೂ ಎಲ್ಲರೂ ಕಿರುಚಿದರು. ಪಕ್ಕದವನ ಜೊತೆ ಅಭ್ಯಾಸಬಲದಿಂದ ನಾನೂ ಬಾಯಿ ತೆರೆದಿದ್ದೆ. ಹಾಗೇ ಮುಚ್ಚಿಕೊಂಡೆ. ಇಷ್ಟು ವಾರವೂ ಅವಳು ಪರದೆಯ ಹಿಂದೆ ನಿಂತು ಇದನ್ನು ಕೇಳಿಸಿಕೊಂಡಿದ್ದಾಳಲ್ಲ ಎನಿಸಿತು. ಉಳಿದವರು ಯಾರೂ ಇಲ್ಲ ಎಂದು ಗಂಡ, ಮಗಳು, ಊರಿನವರು ಎಲ್ಲರೂ ಸೇರಿ ಹೇಳುವುದನ್ನು.

ಟಾಕೀಸಿನಿಂದ ನೇರ ಮಂಗಳಾಳ ಮನೆಗೆ ಹೋದೆ. ಅವಳು ಬಾಗಿಲಲ್ಲೇ ಇದ್ದಳು. ‘ಮುಂದಿನ ವಾರ ಬಾಮ್ಮ. ಕರೆಯೋಣ’ ಎಂದೆ. ಅವಳು ಯಾರನ್ನು ಎಂದು ಕೇಳಲಿಲ್ಲ. ಆ ವಾರ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಕರೆಯುವುದೇ ಬೇಡ ಎಂದು ಎಷ್ಟೋ ಸಲ ಅನ್ನಿಸಿತು. ಕೂತರೆ ಉಣ್ಣುತ್ತಾಳೆ, ಉಂಡರೆ ಹೋಗುತ್ತಾಳೆ. ಸುಮ್ಮನಿದ್ದರೆ ಕೈಯಾದರೂ ಇರುತ್ತದೆ. ನಾನೇನು ದೊಡ್ಡ ತ್ಯಾಗಿಯಲ್ಲ. ಶುಕ್ರವಾರ ಬೆಳಿಗ್ಗೆ ಇಡ್ಲಿ ಮುಂದಿಟ್ಟುಕೊಂಡು ಕೂತವನು ತಿನ್ನದೆ ಹಾಗೇ ಮುಚ್ಚಿಟ್ಟೆ. ಮಧ್ಯಾಹ್ನವೂ ಉಣ್ಣಲಿಲ್ಲ.

ಟಾಕೀಸು ತುಂಬಿತ್ತು. ನಾನು ಯಾರಿಗೂ ಏನೂ ಹೇಳಿರಲಿಲ್ಲ. ಭಟ್ಟ ಬಂದು ಸೊಂಟಕ್ಕೆ ಕೈ ಕೊಟ್ಟ. ‘ಎಲ್ರೂ ಕೂತಾಯ್ತಾ? ಇನ್ಯಾರಾದ್ರೂ ಉಳಿದ್ರಾ?’

‘ಯಾರೂ ಇಲ್ಲಾ!’ ಎಂದು ಸಾಲು ಸಾಲು ಕಿರುಚಿತು. ನಾನು ಎದ್ದು ನಿಂತು, ಇದ್ದ ಉಸಿರನ್ನೆಲ್ಲ ಕೂಡಿಸಿ, ‘ಇದ್ದಾಳೆ!’ ಎಂದು ಕೂಗಿದೆ. ಮಂಗಳಾನೂ ಎದ್ದಳು. ‘ಇದ್ದಾಳೇ! ಅಮ್ಮ ಇದ್ದಾಳೆ!’

ತೆರೆಯ ಮೇಲೆ ಭಟ್ಟ ಒಲೆ ಆರಿಸಲು ಹೇಳಬೇಕಾಗಿತ್ತು, ಹೇಳಲಿಲ್ಲ. ಕಿವಿಗೆ ಕೈ ಹಿಡಿದು ನಮ್ಮ ಕಡೆ ಬಗ್ಗಿದ. ‘ಯಾರು ಉಳಿದ್ರಪ್ಪಾ?’

‘ನನ್ನ ಹೆಂಡ್ತಿ ಕಣಯ್ಯಾ! ಒಳಗವಳೆ. ಬಂದಾಗಿಂದ ಉಂಡಿಲ್ಲ ಅವಳು!’

ಆಮೇಲೆ ಆದದ್ದನ್ನು ನಾನು ಹೇಗೆ ಹೇಳಲಿ. ಹಿಂದಿನಿಂದ ಲಲಿತಮ್ಮನ ದನಿ ಬಂತು, ‘ದೇವೀರಕ್ಕಾ, ಬಾರಕ್ಕಾ, ಕೂತ್ಕೋ ಬಾ.’ ಅವರ ಹಿಂದೆ ಇಡೀ ಟಾಕೀಸು ಕರೆಯತೊಡಗಿತು. ಊಟಕ್ಕೆ ಕೂತಿದ್ದವರೆಲ್ಲ ಕತ್ತು ತಿರುಗಿಸಿ ಗೋಣಿ ಪರದೆಯ ಕಡೆ ನೋಡಿದರು. ಶಿವರುದ್ರ ಪಕ್ಕಕ್ಕೆ ಸರಿದು ಜಾಗ ಮಾಡಿದ. ತೆರೆಯ ಮೇಲಿನ ನಾನು, ಆ ಪಡ್ಡೆ ಹುಡುಗ, ಬಕೆಟ್ ಕೆಳಗಿಟ್ಟು ಹೋಗಿ ಪರದೆ ಸರಿಸಿದ. ಅವಳು ನಿಂತಿದ್ದಳು. ಹೋದ ದಿನ ಉಟ್ಟಿದ್ದ ಅದೇ ಸೀರೆ, ಬೆವರಿಗೆ ಹಣೆಗೆ ಅಂಟಿದ ಕೂದಲು, ಕೈಯಲ್ಲಿ ಸೌಟು.

‘ಅಯ್ಯೋ, ನಂದೇನೀಗ ಅವಸರ, ಎಲ್ಲಾರ್ದೂ ಆಗ್ಲಿ’ ಎಂದಳು. ಎಷ್ಟೋ ತಿಂಗಳಾದ ಮೇಲೆ ಕೇಳಿದ ದನಿ. ಮಂಗಳಾ ನನ್ನ ತೋಳಿಗೆ ಮುಖ ಒತ್ತಿಕೊಂಡಳು.

‘ಎಲ್ಲಾರ್ದೂ ಆಯ್ತಕ್ಕಾ!’ ಎಂದು ಜನ ಕೂಗಿದರು.

ಅವಳು ಸುಣ್ಣದ ಮುಖದ ಹುಡುಗನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ‘ಏನ್ರೀ ಇದು ವೇಷ’ ಎಂದಳು. ಆಮೇಲೆ ಅವನನ್ನು ದಾಟಿ ಕತ್ತಲಿನಲ್ಲಿ ಕೂತಿದ್ದ ನಮ್ಮ ಕಡೆ ನೋಡಿದಳು. ‘ನಿಮ್ದಾಯ್ತಾ?’

ತೆರೆಯ ಮೇಲಿನವನಿಗೆ ಮಾತಿಲ್ಲ. ಹೇಳಬೇಕಾದವನು ನಾನು. ಬೆಳಿಗ್ಗೆಯಿಂದ ನೀರು ಬಿಟ್ಟರೆ ಏನೂ ಹೊಟ್ಟೆಗೆ ಹೋಗಿರಲಿಲ್ಲ. ‘ಆಯ್ತು ಕಣೇ’ ಎಂದೆ. ‘ಹೊಟ್ಟೆ ತುಂಬಾ ಆಯ್ತು. ನೀನು ಕೂತ್ಕೋ.’

ಅವಳಿಗೆ ನಂಬಿಕೆ ಬರಲಿಲ್ಲ. ನನ್ನ ಸುಳ್ಳು ಅವಳಿಗೆ ಯಾವಾಗಲೂ ಗೊತ್ತಾಗುತ್ತಿತ್ತು. ಹುಬ್ಬು ಗಂಟಿಕ್ಕಿ ನಿಂತೇ ಇದ್ದಳು. ಆಗ ಮೇಲಿನ ಕಿಂಡಿಯಿಂದ ಫಿಲಿಪ್ಪು, ‘ಆಯ್ತಕ್ಕಾ, ನಾನೇ ಎದುರಿಗೆ ಕೂತು ತಿನ್ನಿಸ್ದೆ!’ ಎಂದ. ‘ನಾವೂ ನೋಡಿದ್ವಿ!’ ಎಂದು ಊರಿಗೆ ಊರೇ ಸುಳ್ಳು ಹೇಳಿತು. ಅವಳು ಸೌಟನ್ನು ಪರದೆಯ ಒಳಗೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಶಿವರುದ್ರನ ಪಕ್ಕ ಕೂತಳು.

ಎಲೆ ಹಾಕಿದರು. ಅನ್ನ, ಸಾರು ಬಂದವು. ಅವಳು ಒಂದು ಮಂಡಿ ಎತ್ತಿಕೊಂಡು, ಈಗಲೋ ಆಗಲೋ ಏಳುವವಳ ಹಾಗೆ ಕೂತು, ಗಬಗಬನೆ ಎರಡು ತುತ್ತು ನುಂಗಿದಳು. ನಡುವೆ ಕತ್ತು ತಿರುಗಿಸಿ ಅಡುಗೆಮನೆಯ ಕಡೆ ನೋಡಿದಳು. ಹೀಗೆ ಉಂಡರೆ ಇನ್ನೆಷ್ಟು ಹೊತ್ತು? ಮುಗಿಸುತ್ತಾಳೆ, ಎಲೆ ಮಡಚುತ್ತಾಳೆ, ಆ ಬಣ್ಣದ ಬಾಗಿಲನ್ನು ತಳ್ಳಿಕೊಂಡು ಹೋಗುತ್ತಾಳೆ. ಹೋಗಲಿ. ಆದರೆ ಹೀಗೆ ಹೋಗುವುದು ಬೇಡ. ನಾನು ಬೆಂಚುಗಳನ್ನು ದಾಟಿಕೊಂಡು ತೆರೆಯ ಬುಡಕ್ಕೇ ಹೋಗಿ ನಿಂತೆ.

‘ನಿಧಾನಕ್ಕೆ ಉಣ್ಣೇ’ ಎಂದೆ. ‘ಒಲೆ ಮೇಲೆ ಏನೂ ಇಲ್ಲ.’

ಅವಳು ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟಳು. ಎತ್ತಿದ್ದ ಮಂಡಿಯನ್ನು ಇಳಿಸಿದಳು. ಸೀರೆಯನ್ನು ಸರಿಮಾಡಿಕೊಂಡು, ಚಕ್ಕಂಬಕ್ಕಳ ಹಾಕಿ, ಎಲೆಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಅನ್ನದ ನಡುವೆ ಬೆರಳಿನಿಂದ ಒಂದು ಗುಂಡಿ ಮಾಡಿ ತಲೆಯೆತ್ತಿ ನನ್ನನ್ನು ನೋಡಿದಳು.

‘ಇನ್ನೊಂಚೂರು ಸಾರು ಹಾಕ್ರಿ’ ಎಂದಳು.

ಹಾಕಿದೆ.